ಕೆರಾಸ್ ಎಂಬ ಸ್ವಿಚ್ಚು

ಪ್ರಶ್ನೆ: ಕ್ಯಾನ್ಸರ್ ವರದಿಗಳಲ್ಲಿ ಕಾಣುವ ‘ಕೆರಾಸ್’ ಆರೋಗ್ಯವಂತರಲ್ಲೂ ಇರುತ್ತದೆಯೇ?

ಉತ್ತರ: ಇರುತ್ತದೆ, ಇರಲೇಬೇಕು. 12ನೇ ವರ್ಣತಂತುವಿನಲ್ಲಿರುವ ಈ ವಂಶವಾಹಿ ತಯಾರಿಸುವ ಪ್ರೋಟೀನು ಜೀವಕೋಶದ ಪೊರೆಯ ಒಳಮೈಗೆ ಅಂಟಿಕೊಂಡು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಬಂದಾಗ ಜಿಡಿಪಿ ಅಣುವನ್ನು ಬಿಟ್ಟು ಜಿಟಿಪಿಯನ್ನು ಹಿಡಿಯುತ್ತದೆ. ಸಂದೇಶ ಕೋಶಕೇಂದ್ರದತ್ತ ಸಾಗುತ್ತದೆ. ಬಳಿಕ ಪ್ರೋಟೀನು ಜಿಟಿಪಿಯನ್ನು ಒಡೆದು ಆರುತ್ತದೆ. ಪ್ರೋಟೀನಿನ 12ನೇ ಸ್ಥಾನದ ಗ್ಲೈಸಿನ್ ಬದಲು ಬೇರೆ ಅಮೈನೋ ಆಮ್ಲ ಬಂದು ಕೂತರೆ ಈ ಆರುವ ಕ್ರಿಯೆಯೇ ಕೆಡುತ್ತದೆ. ಕೋಶ ವಿಭಜನೆಯಾಗುತ್ತಲೇ ಹೋಗುತ್ತದೆ. ಮೇದೋಜೀರಕ ಗ್ರಂಥಿಯ ಬಹುಪಾಲು ಕ್ಯಾನ್ಸರುಗಳಲ್ಲಿ ಕೆರಾಸ್ ಕೆಟ್ಟಿರುತ್ತದೆ. ಈ ನುಣುಪು ಪ್ರೋಟೀನಿನ ಮೇಲೆ ಔಷಧಕ್ಕೆ ಹಿಡಿತವೇ ಸಿಗದೆ ವಿಜ್ಞಾನಿಗಳು ದಶಕಗಳ ಕಾಲ ಹೆಣಗಿದರು. ಗ್ಲೈಸಿನ್ ಜಾಗದಲ್ಲಿ ಸಿಸ್ಟೀನ್ ಇರುವ ಶ್ವಾಸಕೋಶದ ಕ್ಯಾನ್ಸರಿಗೆ ಸೊಟೊರಾಸಿಬ್ ಎಂಬ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2021ರಲ್ಲಿ.