ಬ್ರೆಡ್ ಕುಸಿದರೆ ಈಸ್ಟ್ ಹೆಚ್ಚಿಸಬೇಡಿ

ಬ್ರೆಡ್ ಮೆಷೀನಿನಿಂದ ತೆಗೆದ ಬ್ರೆಡ್ಡಿನ ನೆತ್ತಿ ಗುಳಿ ಬಿದ್ದಿದ್ದರೆ ಈಸ್ಟ್ ಸಾಲಲಿಲ್ಲ ಅಂದುಕೊಂಡು ಮುಂದಿನ ಸಲ ಇನ್ನಷ್ಟು ಸುರಿಯುತ್ತೇವೆ. ಮಾಡಬೇಕಾದ್ದು ಬಹುಪಾಲು ಇದರ ಉಲ್ಟಾ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಊರುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗುತ್ತದೆ. ಏಪ್ರಿಲ್ ಸೆಕೆಯೂ ಸೇರಿದರೆ ಹಿಟ್ಟು ಬೇಯುವ ಮೊದಲೇ ಉಬ್ಬಿ, ಸುಸ್ತಾಗಿ, ಕೂತುಬಿಡುತ್ತದೆ. ಮೆಷೀನ್ ನಡೆಯುವುದು ಗಡಿಯಾರದ ಲೆಕ್ಕದಲ್ಲಿ; ಹಿಟ್ಟು ಬೇಗ ಉಬ್ಬಿತೆಂದು ಅದೇನೂ ಬೇಗ ಬೇಯಿಸುವುದಿಲ್ಲ. ಈಸ್ಟ್ ಕಾಲು ಭಾಗ ಇಳಿಸಿ, ತಣ್ಣೀರು ಹಾಕಿ. ಉಪ್ಪು ಮಾತ್ರ ಬಿಡಬೇಡಿ, ಈಸ್ಟಿಗೆ ಅದೇ ಮೂಗುದಾರ.

'ನಮ್ಮದು ಕುಸಿಯುವುದಿಲ್ಲ, ಕಚ್ಚಲಾಗದಷ್ಟು ಗಟ್ಟಿ' ಅನ್ನುವವರ ತೊಂದರೆ ಬೇರೆ. ಚಕ್ಕಿಯಲ್ಲಿ ಬೀಸಿಸಿದ ಗೋಧಿಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ. ಕಲಸಲು ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ: ಉಂಡೆ ಬಿರುಕುಬಿಟ್ಟು ಡಬಡಬ ಬಡಿಯುತ್ತಿದ್ದರೆ ಒಂದೊಂದೇ ಚಮಚ ನೀರು ಸೇರಿಸಿ. ಮೆಷೀನ್ ನಿಲ್ಲಿಸಿ ಮುಟ್ಟಿದರೆ ಬೆರಳಿಗೆ ತುಸು ಅಂಟಬೇಕು, ಅಷ್ಟೇ.

ರಾಗಿ ಸೀಮೆಯಲ್ಲಿದ್ದು ರಾಗಿ ಬೇಡವೇ? ಬೇಕು. ಆದರೆ ಅದರಲ್ಲಿ ಗ್ಲುಟೆನ್ ಇಲ್ಲ, ಅನಿಲ ಹಿಡಿದಿಡಲಾರದು. ಒಟ್ಟು 500 ಗ್ರಾಂ ಹಿಟ್ಟಿನಲ್ಲಿ ರಾಗಿ 75 ಗ್ರಾಂ ದಾಟದಿರಲಿ. ಮಿಕ್ಕಿದ್ದಕ್ಕೆ ಮುದ್ದೆ ಇದ್ದೇ ಇದೆ.