ನದೀಮೂಲ ಕೇಳಿಯೇ ಕುಡಿಯಬೇಕು

ನದೀಮೂಲ, ಋಷಿಮೂಲ ಕೇಳಬಾರದು ಎಂಬ ಮಾತು ನಮ್ಮಲ್ಲಿದೆ. ಋಷಿಗಳ ವಿಷಯದಲ್ಲಿ ಅದು ಸರಿಯಿರಬಹುದು. ಆದರೆ ದಾರಿಯಲ್ಲಿ ಸಿಕ್ಕ ಹಳ್ಳಕ್ಕೆ ಬಗ್ಗಿ ಬೊಗಸೆಯೊಡ್ಡುವವನು ಮಾತ್ರ ನೀರಿನ ಮೂಲವನ್ನು ಕೇಳದೆ ಇರುವಂತಿಲ್ಲ. ಅದು ಯಾವ ಊರು, ಯಾವ ಹೊಲ, ಯಾವ ಕೊಟ್ಟಿಗೆ ದಾಟಿ ಬಂತು ಎಂಬುದರ ಮೇಲೆಯೇ ಅವನ ಆರೋಗ್ಯ ನಿಂತಿದೆ.

ಮೈಸೂರು ಜಿಲ್ಲೆಯ ಪಶ್ಚಿಮದ ಸೀಮೆ ನೀರಿಗೆ ಬಡವಾದುದಲ್ಲ. ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕಡೆ ಕಾವೇರಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆ ಕಡೆ ಕಬಿನಿ, ತಾರಕ, ನುಗು. ಇವಲ್ಲದೆ ನಾಗರಹೊಳೆಯ ಕಾಡಿನೊಳಗೆ ಎಷ್ಟೋ ಹಳ್ಳಗಳು. ದನ ಮೇಯಿಸುವವರು, ಕಾಡಂಚಿನ ಹಾಡಿಗಳ ಜನ, ಜಾತ್ರೆಗೆ ನಡೆದು ಹೋಗುವವರು, ಚಾರಣಕ್ಕೆ ಬರುವ ಪಟ್ಟಣದ ಹುಡುಗರು, ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾರೆ: ಈ ನೀರು ಕುಡಿಯಬಹುದೆ?

ಹಿಂದಿನವರ ಉತ್ತರ ಮೂರು ಪರೀಕ್ಷೆಗಳ ಮೇಲೆ ನಿಂತಿತ್ತು. ನೀರು ತಿಳಿಯಾಗಿರಬೇಕು, ಹರಿಯುತ್ತಿರಬೇಕು, ವಾಸನೆ ಬರಬಾರದು. ಈ ಪರೀಕ್ಷೆಗಳು ತಪ್ಪಲ್ಲ, ಆದರೆ ಸಾಲವು. ರೋಗ ತರುವ ಬ್ಯಾಕ್ಟೀರಿಯ ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಸಣ್ಣದು. ಒಂದು ಲೋಟದಲ್ಲಿ ಅಂಥವು ಲಕ್ಷಗಟ್ಟಲೆ ಇದ್ದರೂ ನೀರು ಕನ್ನಡಿಯಂತೆ ತಿಳಿಯಾಗಿಯೇ ಕಾಣುತ್ತದೆ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡದ್ದು ಸೂಕ್ಷ್ಮದರ್ಶಕದಲ್ಲಿ, ಬರಿಗಣ್ಣಿನಲ್ಲಲ್ಲ.

ಹರಿಯುವ ನೀರು ತಾನೇ ಶುದ್ಧವಾಗುತ್ತದೆ ಎಂಬ ನಂಬಿಕೆಯಲ್ಲೂ ಅರ್ಧ ಸತ್ಯವಿದೆ. ಬಿಸಿಲು, ಗಾಳಿಯ ಆಮ್ಲಜನಕ, ತಳಕ್ಕಿಳಿಯುವ ಮಣ್ಣು ಇವೆಲ್ಲ ಕೊಳೆಯನ್ನು ಕಡಿಮೆ ಮಾಡುತ್ತವೆ. ಆದರೆ ಅದಕ್ಕೆ ಕಾಲ ಬೇಕು. ಅಷ್ಟರೊಳಗೆ ಹೊಳೆ ಮುಂದಿನ ಊರನ್ನು ತಲುಪಿ ಹೊಸ ಕೊಳೆಯನ್ನು ಹೊತ್ತಿರುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ನೊರೆನೊರೆಯಾಗಿ ಧುಮುಕುವುದು ಕಣ್ಣಿಗೆ ಹಬ್ಬ. ಆದರೆ ಆ ನೀರು ಕುಶಾಲನಗರವನ್ನೂ ದಡದ ಹಳ್ಳಿಗಳನ್ನೂ ದಾಟಿ ಬಂದಿರುತ್ತದೆ. ಧುಮುಕಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಲಕ್ಷ್ಮಣತೀರ್ಥದ ಕಥೆ ಇನ್ನೂ ಸ್ಪಷ್ಟ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿಕೆಯಾದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಇರ್ಪುವಿನ ಸ್ಥಳಪುರಾಣ ಹೇಳುತ್ತದೆ. ಕುಡಿಯುವುದಕ್ಕೆಂದೇ ಹುಟ್ಟಿದ ಹೊಳೆ ಅದು. ಬೆಟ್ಟದಿಂದಿಳಿದು ಕೊಡಗಿನ ಕಾಫಿ ತೋಟಗಳ ನಡುವೆ ಹಾದು, ಹನಗೋಡಿನ ಮೇಲೆ ಹುಣಸೂರಿಗೆ ಬಂದು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದೀಪಾತ್ರಗಳಲ್ಲಿ ಹುಣಸೂರಿನ ಬಳಿಯ ಲಕ್ಷ್ಮಣತೀರ್ಥವೂ ಒಂದು. ಮೇಲೆ ತೀರ್ಥವಾಗಿದ್ದದ್ದು ಊರು ದಾಟುವಷ್ಟರಲ್ಲಿ ಚರಂಡಿಯ ನೀರನ್ನೂ ಕೂಡಿಸಿಕೊಂಡಿರುತ್ತದೆ. ಹೆಸರು ಮಾತ್ರ ಬದಲಾಗಿರುವುದಿಲ್ಲ.

ಇದೇ ಮಂಡಳಿ ನದಿಗಳ ನೀರನ್ನು ದರ್ಜೆಗಳಾಗಿ ವಿಂಗಡಿಸಿದೆ. ಅತ್ಯುತ್ತಮವೆನಿಸಿದ 'ಎ' ದರ್ಜೆಗೆ ಸೇರಬೇಕಾದರೆ 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಗುಂಪಿನ ಬ್ಯಾಕ್ಟೀರಿಯಗಳ ಎಣಿಕೆ 50ನ್ನು ಮೀರಬಾರದು. ಆ ದರ್ಜೆಯ ನೀರನ್ನೂ ರೋಗಾಣು ನಾಶಮಾಡಿದ ನಂತರವೇ ಕುಡಿಯಬೇಕೆಂದು ನಿಯಮವಿದೆ. ಅಂದರೆ ಹೊಳೆಯಿಂದ ನೇರವಾಗಿ ಕುಡಿಯಬಹುದಾದ ನೀರು ಎಂಬ ದರ್ಜೆಯೇ ಇಲ್ಲ.

ಹಾಗಾದರೆ ಮನುಷ್ಯರಿಲ್ಲದ ಕಾಡಿನ ಹಳ್ಳ? ಅಲ್ಲಿ ಅಪಾಯ ಕಡಿಮೆ, ಇಲ್ಲವೆನ್ನುವಂತಿಲ್ಲ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ಜಿಂಕೆ, ಕಾಟಿ, ಹಂದಿಗಳೂ ಅಲ್ಲೇ ಕುಡಿಯುತ್ತವೆ, ಅಲ್ಲೇ ಲದ್ದಿ ಹಾಕುತ್ತವೆ. ಪ್ರಾಣಿಗಳ ಮೂತ್ರದಿಂದ ಇಲಿಜ್ವರದ ರೋಗಾಣು, ಮಲದಿಂದ ಭೇದಿ ತರುವ ಜೀವಿಗಳು ನೀರಿಗೆ ಸೇರಬಲ್ಲವು. ಪ್ರಾಣಿಗಳು ಕುಡಿಯುತ್ತಿವೆ ಎಂಬುದು ನೀರು ಮನುಷ್ಯನಿಗೆ ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ.

ಹೊಲದ ನೀರಿನ ಸಂಗತಿ ಬೇರೆ. ಈ ನಾಲ್ಕೂ ಸೀಮೆಗಳು ಹೊಗೆಸೊಪ್ಪಿನ ನಾಡು. ಮುಂಗಾರಿನ ಮೊದಲ ಮಳೆಗಳು ಹೊಲಕ್ಕೆ ಹಾಕಿದ ಗೊಬ್ಬರ, ಕೀಟನಾಶಕಗಳನ್ನು ಬೇಸಿಗೆಯೆಲ್ಲ ಬಿದ್ದ ಹೊಲಸಿನೊಂದಿಗೆ ತೊಳೆದು ಹಳ್ಳಕ್ಕೆ ತರುತ್ತವೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಕೀಟನಾಶಕ ಹೋಗುವುದಿಲ್ಲ. ಕೆರೆಯ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆಗಟ್ಟುವ ಒಂದು ಬಗೆಯ ಪಾಚಿಯ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ಇಂಥ ನೀರನ್ನು ಬಿಡುವುದೊಂದೇ ದಾರಿ.

"ನಾವು ಚಿಕ್ಕಂದಿನಿಂದ ಹಳ್ಳದ ನೀರೇ ಕುಡಿದವರು, ಏನಾಗಿದೆ?" ಎಂದು ಕೇಳುವವರುಂಟು. ಈ ಮಾತನ್ನು ಹೇಳುವವರು ಉಳಿದವರು. ಎಳವೆಯಲ್ಲೇ ವಾಂತಿಭೇದಿಗೆ ತುತ್ತಾದವರು ಬಂದು ಹೇಳುವಂತಿಲ್ಲ. ಮೇಲಾಗಿ ರೋಗ ಕುಡಿದ ದಿನವೇ ಬರುವುದಿಲ್ಲ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದೆರಡು ವಾರ ಹಿಡಿಯಬಹುದು. ನೀರಿನಿಂದ ಬರುವ ಕಾಮಾಲೆಗೆ ಒಂದು ತಿಂಗಳೇ ಬೇಕಾಗಬಹುದು. ಅಷ್ಟರಲ್ಲಿ ಯಾವ ಹಳ್ಳದ ನೀರು ಎಂಬುದೇ ಮರೆತುಹೋಗಿರುತ್ತದೆ.

ಹಾಗೆಂದು ಹಳೆಯ ತಿಳಿವಳಿಕೆಯನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ. ಬತ್ತಿದ ಹೊಳೆಯ ಮರಳಿನಲ್ಲಿ ಗುಂಡಿ ತೋಡಿ ಒರತೆಯ ನೀರು ಮೊಗೆಯುವ ಪದ್ಧತಿಯಲ್ಲಿ ಮರಳೇ ಸೋಸುವ ಕೆಲಸ ಮಾಡುತ್ತದೆ. ನಗರಗಳ ನೀರಿನ ಕಾರ್ಖಾನೆಗಳಲ್ಲಿ ಮರಳಿನ ಹಾಸು ಮಾಡುವುದೂ ಇದನ್ನೇ. ಬಗ್ಗಡ ನೀರನ್ನು ಚಿಲ್ಲದ ಬೀಜದಿಂದ ತಿಳಿಗೊಳಿಸುವುದು, ಬಟ್ಟೆಯಲ್ಲಿ ಸೋಸುವುದು ಇವೂ ವ್ಯರ್ಥವಲ್ಲ. ನಾರುಹುಣ್ಣಿನ ಹುಳುವನ್ನು ಹೊತ್ತ ನೀರಿನ ಕೀಟ ಸುಮಾರು ಒಂದು ಮಿಲಿಮೀಟರ್ ಉದ್ದದ್ದು, ಬಟ್ಟೆಗೆ ಸಿಕ್ಕಿಬೀಳುತ್ತದೆ. ನೀರು ಸೋಸಿ ಕುಡಿಯುವುದನ್ನು ಹಳ್ಳಿಹಳ್ಳಿಗೆ ಕಲಿಸಿದ್ದು ಆ ರೋಗವನ್ನು ಓಡಿಸಿದ ಉಪಾಯಗಳಲ್ಲೊಂದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ತಾಮ್ರದ ಬಿಂದಿಗೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಗಳು ಸತ್ತುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಆದರೆ ಕಾಮಾಲೆಯ ವೈರಸ್ ಬಟ್ಟೆಯಲ್ಲಿ ನಿಲ್ಲುವಂಥದಲ್ಲ. ಇವೆಲ್ಲ ಮೊದಲ ಹೆಜ್ಜೆಗಳು, ಕೊನೆಯವಲ್ಲ.

ಕೊನೆಯ ಹೆಜ್ಜೆ ಕುದಿಸುವುದು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಅಷ್ಟು ಧಾರಾಳವಾಗಿ ಸಾಕು. ಬಗ್ಗಡವನ್ನು ಸೋಸಿ, ಗುಳ್ಳೆಯೆದ್ದು ಮರಳಿದ ಮೇಲೆ ಒಂದು ನಿಮಿಷ ಬಿಟ್ಟರಾಯಿತು. ಸೌದೆ ಇಲ್ಲದ ಕಡೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬಹುದು.

ಹಾಡಿ, ಶಾಲೆಗಳಂಥ ಕಡೆ ದಿನವೂ ಬಳಸುವ ನೀರನ್ನು ಪರೀಕ್ಷಿಸಲು ಸುಲಭ ಸಾಧನವಿದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನವಿದು. ಔಷಧಿ ಹೀರಿಸಿದ ಕಾಗದದ ತುಂಡಿರುವ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಸೋಂಕಿದ್ದಲ್ಲಿ ಅದು ಕಪ್ಪಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಕಣ್ಣಿಗೆ ತೋರಿಸುವುದೇ ಇದರ ದೊಡ್ಡ ಗುಣ. ಕಪ್ಪಾದ ಸೀಸೆಯನ್ನು ಕಂಡ ಮೇಲೆ ಯಾರಿಗೂ ಉಪದೇಶ ಬೇಕಾಗುವುದಿಲ್ಲ.

ದಾರಿಯಲ್ಲಿ ಸಿಕ್ಕವನಿಗೆ ಉಳಿಯುವುದು ಆಯ್ಕೆಯ ಪ್ರಶ್ನೆ. ಬಂಡೆಯ ಸಂದಿಯಿಂದ ಆಗತಾನೆ ಹೊರಬರುವ ಒರತೆ ಮೊದಲು. ಆಮೇಲೆ ಮರಳಿನ ಗುಂಡಿಯ ನೀರು, ಆಮೇಲೆ ಮೇಲೆ ಊರಿಲ್ಲದ ಹಳ್ಳ. ಊರ ಕೆಳಗಿನ ಹೊಳೆ ಬೇಡ. ಹೊಲದ ಕಾಲುವೆ, ಹಸಿರುಗಟ್ಟಿದ ಕೆರೆ ಬೇಡವೇ ಬೇಡ. ಯಾವುದನ್ನು ಆಯ್ದರೂ ಕುದಿಸುವುದು ಒಳ್ಳೆಯದು. ಬಿಸಿಲಿನಲ್ಲಿ ದಾರಿತಪ್ಪಿ, ಬೇರೆ ನೀರಿಲ್ಲದೆ, ಕುದಿಸಲೂ ಆಗದೆ ಬಾಯಾರಿ ಬೀಳುವ ಸ್ಥಿತಿಯಲ್ಲಿರುವವನು ಮಾತ್ರ ಕೈಗೆ ಸಿಕ್ಕ ಒಳ್ಳೆಯ ನೀರನ್ನು ಕುಡಿಯಲೇಬೇಕು. ಭೇದಿಗೆ ಮದ್ದುಂಟು, ನೀರಿಲ್ಲದ ದೇಹ ಕಾಯುವುದಿಲ್ಲ. ಉಳಿದವರೆಲ್ಲ ಬೊಗಸೆಯೊಡ್ಡುವ ಮುನ್ನ ಒಮ್ಮೆ ತಲೆಯೆತ್ತಿ ಹೊಳೆಯ ಮೇಲ್ಗಡೆ ನೋಡಿದರೆ, ಬರಬಹುದಾದ ಎಷ್ಟೋ ಕಾಯಿಲೆ ತಪ್ಪುತ್ತದೆ.