ವಾಲ್ವು, ಕ್ಯಾಮ್‌ಶಾಫ್ಟು ಮತ್ತು ನಿಯಮದ ಪುಸ್ತಕ

ಎಮ್ಮಿಗನೂರಿನ ಸಮೀಪದ ನಂದವರಂ ಕಡೆ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ವಾಲ್ವು ತೀಡುವ ಹುಡುಗರು ಕಾಣಸಿಗುತ್ತಾರೆಯೇ ಹೊರತು ರೇಸಿನ ಕಾರನ್ನು ಕಂಡವರು ವಿರಳ. ಆದರೂ ಇಲ್ಲಿನ ರೈತರೊಬ್ಬರ ಮಗ, ಹಿಂದೆ ನನ್ನ ತರಗತಿಯಲ್ಲಿ ಕನ್ನಡದಲ್ಲೇ ವಿಜ್ಞಾನ ಓದಿದವನು, ಬೆಂಗಳೂರಿನ ಗ್ಯಾರೇಜೊಂದಕ್ಕೆ ಸೇರಿ ಹವ್ಯಾಸಿ ಕಾರು ರೇಸಿನ ಹುಚ್ಚು ಹಿಡಿಸಿಕೊಂಡ. ಈ ಯುಗಾದಿಗೆ ಬಂದವನು ಒಂದು ಕ್ಯಾಮ್‌ಶಾಫ್ಟನ್ನು ನನ್ನ ಮುಂದಿಟ್ಟು, “ಸಾರ್, ಅಪ್ಪ ಹತ್ತಿ ಮಾರಿ ಕೊಟ್ಟ ದುಡ್ಡೆಲ್ಲ ಇದಕ್ಕೇ ಹೋಯಿತು” ಎಂದ.

ಆದದ್ದಿಷ್ಟು. ಮಾರ್ಪಾಡಿಲ್ಲದ ಕಾರುಗಳ ವರ್ಗದಲ್ಲಿ ಅವನು ಹೆಸರು ಕೊಟ್ಟಿದ್ದ. “ಇದನ್ನು ಹಾಕು, ಯಾರೂ ಬಿಚ್ಚಿ ನೋಡುವುದಿಲ್ಲ” ಎಂದು ಅಂಗಡಿಯವನೊಬ್ಬ ಹೇಳಿದ ಮಾತನ್ನು ನಂಬಿದ. ಓಟ ಮುಗಿದ ಮೇಲೆ ತಪಾಸಣೆಯವರು ಎಂಜಿನ್ನಿನ ಮುಚ್ಚಳ ತೆಗೆದು, ಡಯಲ್ ಗೇಜಿಟ್ಟು ವಾಲ್ವು ಎಷ್ಟು ಏಳುತ್ತದೆಂದು ಅಳೆದರು. ಒಂದು ಮಿಲಿಮೀಟರ್ ಹೆಚ್ಚಿತ್ತು. ಫಲಿತಾಂಶ ರದ್ದಾಯಿತು. ನಿಯಮದ ಪುಸ್ತಕ ಕೈಯಲ್ಲೇ ಇತ್ತು. ಇಂಗ್ಲಿಷಿನಲ್ಲಿದೆಯೆಂದು ಓದಿರಲಿಲ್ಲ, ಅಷ್ಟೆ.

ದಕ್ಷಿಣ ಭಾರತಕ್ಕೆ ಈ ಕ್ರೀಡೆ ಹೊಸದೇನಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಸ್ಥಾಪನೆಯಾಯಿತು. ಮಹಾಯುದ್ಧಕಾಲದ ಶೋಲಾವರಂ ವಿಮಾನದ ಓಡುದಾರಿಯೇ ಬಹಳ ವರ್ಷ ಓಟದ ಅಂಗಣವಾಗಿತ್ತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ರೇಸಿಗೆಂದೇ ಕಟ್ಟಿದ ಹಾದಿ ತೆರೆಯಿತು. ದೇಶದ ಕ್ಲಬ್ಬುಗಳ ಒಕ್ಕೂಟ 1971ರದು. ಕೊಯಮತ್ತೂರಿನ ಕರಿವರ್ಧನರು ಮಾರುತಿ 800ರ ಎಂಜಿನ್ ಕೂರಿಸಿ, ಸಾಮಾನ್ಯರ ಕೈಗೂ ಎಟುಕಲೆಂದು ಒಂಟಿ ಆಸನದ ರೇಸ್ ಕಾರು ಮಾಡಿದರು. ಆ ಎಂಜಿನ್ 796 ಸಿ.ಸಿ.ಯದು, ಮೂರು ಸಿಲಿಂಡರ್, ಒಂದು ಕ್ಯಾಮ್‌ಶಾಫ್ಟ್, ಆರು ವಾಲ್ವು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಆರಂಭದಲ್ಲಿ ಓಡಿಸಿದ್ದೂ ಇಂಥ ಕಾರನ್ನೇ. ಹಣವಿದ್ದವನೇ ಸದಾ ಗೆಲ್ಲಬಾರದೆಂದೇ ಎಂಜಿನ್ನಿಗೆ ಕಟ್ಟಳೆ ಹಾಕುತ್ತಾರೆ.

ಎಂಜಿನ್ನಿಗೆ ವಾಲ್ವು ಮೂಗಿದ್ದಂತೆ. ಅದು ಯಾವಾಗ, ಎಷ್ಟು ತೆರೆಯಬೇಕೆಂದು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ಯಕ್ಷಗಾನದಲ್ಲಿ ಭಾಗವತರ ಜಾಗಟೆಯಿದ್ದಂತೆ, ತಾಳ ಅದರದು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಕ್ಯಾಮ್ ಅದರ ಅರ್ಧ, 3000 ಸುತ್ತು ತಿರುಗುತ್ತದೆ. ಎಂದರೆ ಪ್ರತಿ ವಾಲ್ವು ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು.

ಹಾಗಾದರೆ ದೊಡ್ಡ ವಾಲ್ವು, ಎತ್ತರದ ಕ್ಯಾಮ್ ಹಾಕಿದರಾಯಿತಲ್ಲವೇ? ಆಗದು. 36 ಮಿ.ಮೀ. ವ್ಯಾಸದ ವಾಲ್ವಿನ ಬದಲು 38ರದ್ದು ಹಾಕಿದರೆ ವಿಸ್ತೀರ್ಣ ಶೇಕಡಾ 11ರಷ್ಟು ಹೆಚ್ಚುವುದು ನಿಜ. ಆದರೆ ತೂಕವೂ ಹೆಚ್ಚುತ್ತದೆ; ಸ್ಪ್ರಿಂಗು ಸೋತರೆ ವೇಗದಲ್ಲಿ ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚದೆ ಪಿಸ್ಟನ್ನಿಗೆ ಬಡಿಯಬಹುದು. ವಾಲ್ವು ಎದ್ದಾಗ ಅದರ ಸುತ್ತ ಗಾಳಿ ನುಗ್ಗುವ ದಾರಿಯೆಂದರೆ ಪರಿಧಿ ಗುಣಿಸು ಎತ್ತರ. ಎತ್ತರವು ವ್ಯಾಸದ ಕಾಲು ಭಾಗವಾದಾಗ ಈ ದಾರಿ ವಾಲ್ವಿನ ವಿಸ್ತೀರ್ಣಕ್ಕೆ ಸಮ. 36ಕ್ಕೆ 9 ಮಿ.ಮೀ. ಅದಕ್ಕಿಂತ ಮೇಲೆತ್ತಿದರೆ ಸಿಗುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ಹೈಸ್ಕೂಲಿನ ವೃತ್ತದ ಲೆಕ್ಕವೇ ಇದು.

ಇನ್ನು ತೆರೆದಿರುವ ಅವಧಿ. ರೇಸಿನ ಕ್ಯಾಮ್ ಇನ್‌ಲೆಟ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಹೆಚ್ಚು ವೇಗದಲ್ಲಿ ನುಗ್ಗಿ ಬರುವ ಗಾಳಿ ತನ್ನ ರಭಸಕ್ಕೇ ಇನ್ನಷ್ಟು ತುಂಬಿಕೊಳ್ಳುತ್ತದೆ. ಕಡಿಮೆ ವೇಗದಲ್ಲಿ ಆ ರಭಸವಿಲ್ಲ, ಮೇಲೇರುವ ಪಿಸ್ಟನ್ ಗಾಳಿಯನ್ನು ಹಿಂದಕ್ಕೇ ತಳ್ಳುತ್ತದೆ. ತಿರುವುಗಳೇ ಹೆಚ್ಚಿರುವ ಹಾದಿಯಲ್ಲಿ ಇಂಥ ಕಾರು ತಿರುವು ದಾಟಿ ಹೊರಡುವಾಗ ಕೆಮ್ಮುತ್ತದೆ. ಆದ್ದರಿಂದ ಹಾದಿಯಲ್ಲಿ ಎಂಜಿನ್ ಹೆಚ್ಚು ಹೊತ್ತು ಯಾವ ವೇಗದಲ್ಲಿ ತಿರುಗುವುದೋ ಅದಕ್ಕೊಪ್ಪುವ ಕ್ಯಾಮನ್ನೇ ಆರಿಸಬೇಕು. ಮಾರ್ಪಾಡಿಗೆ ಅವಕಾಶವಿರುವ ವರ್ಗದಲ್ಲಿ ಮಾತ್ರ ಈ ಆಯ್ಕೆ. ಮಾರ್ಪಾಡಿಲ್ಲದ ವರ್ಗದಲ್ಲಿ ಕಂಪೆನಿಯ ಕ್ಯಾಮೇ ಗತಿ.

“ಹಾಗಾದರೆ ನನ್ನಂಥವನು ಮಾಡುವುದೇನು ಸಾರ್?” ಎಂದು ಕೇಳಿದ. ಎರಡು ಸಂಜೆ ಕುಳಿತು, ನಿಘಂಟು ಬಿಡಿಸಿ, ಅವನ ವರ್ಗದ ನಿಯಮಗಳನ್ನು ಸಾಲುಸಾಲಾಗಿ ನೋಟುಬುಕ್ಕಿನಲ್ಲಿ ಕನ್ನಡಕ್ಕಿಳಿಸಿದೆವು. ವಾಲ್ವನ್ನು ಪೇಸ್ಟ್ ಹಾಕಿ ತೀಡಿ ಸೋರದಂತೆ ಕೂರಿಸುವುದು, ಬಳಲಿದ ಸ್ಪ್ರಿಂಗಿಗೆ ಬದಲಾಗಿ ಕಂಪೆನಿಯದೇ ಹೊಸದನ್ನು ಹಾಕುವುದು, ಟ್ಯಾಪೆಟ್ಟಿನ ಸಂದನ್ನು ಅಳತೆಗೆ ತರುವುದು, ಇವನ್ನು ಅವನ ಪುಸ್ತಕ ಬೇಡವೆಂದಿರಲಿಲ್ಲ. ಹೀಗೆ ಸೋರಿ ಹೋಗುತ್ತಿದ್ದ ಬಲವೂ ಕೈಗೆ ಬರುತ್ತದೆ.

1953ರಲ್ಲಿ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಅಂದಿನಿಂದ ಇಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ “ಇದರಿಂದ ಏನು ಪ್ರಯೋಜನ?” ಎಂಬ ಪ್ರಶ್ನೆ ತಪ್ಪಿದ್ದಲ್ಲ, ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗನನ್ನು ಕೆಡಿಸಿದ್ದು ಕನ್ನಡವಲ್ಲ, ಓದದೆ ಬಿಟ್ಟ ಪುಸ್ತಕ ಮತ್ತು ಕೇಳಿ ನಂಬಿದ ಮಾತು.

ಕಂಪೆನಿಯ ಕ್ಯಾಮ್ ಮತ್ತೆ ಹಾಕಿಕೊಂಡು ಅವನು ಮುಂದಿನ ಓಟಕ್ಕೆ ಹೋದ. ಬಂದದ್ದು ಏಳನೆಯ ಸ್ಥಾನ. ರಾತ್ರಿ ಫೋನು ಮಾಡಿದವನು ಮೊದಲು ಹೇಳಿದ್ದು ಸ್ಥಾನವನ್ನಲ್ಲ. “ಸಾರ್, ಅಳೆದರು, ಸರಿಯಿತ್ತು” ಎಂದ.